ನೆಗ್ಗಿದ ಲೋಟ

ಚಹಾದಂಗಡಿಯ ಯಜಮಾನ ಹೊಸ ಸ್ಟೀಲ್ ಲೋಟಗಳನ್ನು ತಂದವನೇ ಒಂದನ್ನು ಮಾತ್ರ ಗುರುತಿಗೆಂದು ಕಲ್ಲಿನಿಂದ ಜಜ್ಜಿ, ಊರಾಚೆಯ ಕೇರಿಯವರು ಕುಡಿಯಲು ಹೊರಗಿನ ಸೂರಿಗೆ ಸಿಕ್ಕಿಸಿದ. ಒಳಗೆ ಹಲಗೆಯ ಮೇಲಿದ್ದ ಲೋಟವೊಂದು ದಿನವೂ ಅದನ್ನು ನೋಡುತ್ತಿತ್ತು.

“ಅಣ್ಣಾ, ನಿನ್ನ ಪಾಡು ನೋಡಿದರೆ ಮರುಕವಾಗುತ್ತದೆ,” ಎಂದಿತು ಒಂದು ದಿನ.

“ಮರುಕದಿಂದ ಈ ಗುರುತು ಅಳಿಯುವುದಿಲ್ಲ,” ಎಂದಿತು ಸೂರಿನ ಲೋಟ. “ನಿನ್ನ ಮೈ ನುಣ್ಣಗಿರುವತನಕ ನನ್ನ ನೆಗ್ಗು ಎದ್ದು ಕಾಣುತ್ತಲೇ ಇರುತ್ತದೆ.”

ಒಳಗಿನ ಲೋಟ ಹಲಗೆಯ ಅಂಚಿಗೆ ಸರಿದು, ಕಲ್ಲುಚಪ್ಪಡಿಯ ಮೇಲೆ ಧುಮುಕಿತು. ನೆಗ್ಗಿದ ಮೈಯಲ್ಲೇ ಉರುಳುತ್ತಾ ಹೊರಗೆ ಹೋಯಿತು. ಸೂರಿನ ಲೋಟ ಕೆಳಗಿಳಿದು ಅದರ ಪಕ್ಕ ನಿಂತಿತು.

ಸದ್ದು ಕೇಳಿ ಬಂದ ಯಜಮಾನ ಎರಡನ್ನೂ ತಿರುಗಿಸಿ ತಿರುಗಿಸಿ ನೋಡಿದ.

“ನಿಮ್ಮಲ್ಲಿ ಒಳಗಿನದು ಯಾವುದು?”

ಹೇಳಿದರೆ ಹಲಗೆಗೆ ಮರಳಬಹುದಿತ್ತು. ಒಳಗಿನ ಲೋಟ ಬಾಯಿ ಬಿಡಲಿಲ್ಲ.