ಮಲೇರಿಯಾ ಡಾಕ್ಟರನ ಜೋಳಿಗೆ

ಹೊಳೆದಂಡೆಯ ಮಠಕ್ಕೆ ಒಂದು ಬೆಳಿಗ್ಗೆ ಡಾಕ್ಟರ್ ಗವಿಸಿದ್ದ ಬಂದ. ಗುರುಗಳ ಕಾಲಿಗೆ ಬಿದ್ದವನು ಏಳಲೇ ಇಲ್ಲ.

“ಕಾವಿ ಕೊಡ್ರಿ ಅಜ್ಜಾರ. ಇಲ್ಲೇ ಇದ್ದುಬಿಡ್ತೀನಿ.”

ಗುರುಗಳನ್ನು ಊರೆಲ್ಲ ಕರೆಯುವುದೇ ಅಜ್ಜಾರು ಎಂದು. ಗವಿಸಿದ್ದ ಅವರ ಕೈಯಲ್ಲಿ ಅಕ್ಷರ ಕಲಿತ ಶಿಷ್ಯ. ಈಗ ಮಲೇರಿಯಾಕ್ಕೆ ಲಸಿಕೆ ಹುಡುಕುವವರಲ್ಲಿ ಒಬ್ಬ. ಎಷ್ಟೋ ಲಸಿಕೆಗಳು ಸೋತ ಮೇಲೆ ಇದೊಂದು ಗೆಲ್ಲುವ ಹಾಗೆ ಕಂಡಿತ್ತು. ಅದನ್ನು ಈ ಊರಿನ ಮಕ್ಕಳಿಗೆ ಹಾಕುತ್ತಿದ್ದ.

“ಯಾಕೋ? ಲಸಿಕೆ ಕೆಲಸ ಮಾಡ್ಲಿಲ್ಲೇನು?”

“ಮಾಡೇತ್ರಿ. ಭಾಳ ಮಕ್ಕಳಿಗೆ ಈ ಸಲ ಜ್ವರ ಬಂದಿಲ್ಲ. ಆದ್ರ ಹುಲಿಗೆವ್ವನ ದೊಡ್ಡ ಮಗಳು ಲಸಿಕೆ ಹಾಕಿದ ಮ್ಯಾಲೂ ಜ್ವರ ಬಂದು ತೀರಿಹೋದ್ಲು. ಆ ತಾಯಿ ಮುಂದ ಹೆಂಗ ನಿಲ್ಲಲಿ?”

ಅಜ್ಜಾರು ಅವನ ತಲೆ ಸವರಿದರು.

“ಜ್ವರ ಬರದ ಮಕ್ಕಳು ಹೆಂಗದಾವು?”

“ನೋಡಿಲ್ರಿ. ಆರಾಮಿದ್ದವರು ಡಾಕ್ಟರ್ ಹತ್ರ ಯಾಕ ಬರ್ತಾರ?”

ಅಜ್ಜಾರು ಒಳಗೆ ಹೋಗಿ ಜೋಳಿಗೆ ತಂದು ಅವನ ಹೆಗಲಿಗೆ ಹಾಕಿದರು.

“ಕಾವಿ ಬೇಡಿದವ ಮೊದಲು ಭಿಕ್ಷಾಕ್ಕ ಹೋಗಬೇಕು. ಒಂದು ಮನೀನೂ ಬಿಡಂಗಿಲ್ಲ. ಮಠದ ಪದ್ಧತಿ ಗೊತ್ತಲ್ಲ?”

ಗವಿಸಿದ್ದನ ಮುಖ ಇಳಿಯಿತು. ಪಾಪ, ಹುಲಿಗೆವ್ವನ ಬಾಗಿಲು ತಪ್ಪಿಸಿಕೊಳ್ಳಲೆಂದೇ ಅವನು ಸನ್ಯಾಸಕ್ಕೆ ಹೊರಟಿದ್ದ. ಆದರೂ ಹೋದ.

ಮಧ್ಯಾಹ್ನ ತಿರುಗಿ ಬಂದಾಗ ಜೋಳಿಗೆ ತುಂಬಿತ್ತು.

“ಮಕ್ಕಳು ಕಂಡವೇನು?”

“ಮನಿ ಮನಿಯಾಗೂ ಅದಾವ್ರಿ. ಓಡಿಬಂದು ಬೊಗಸಿ ತುಂಬ ಜೋಳ ಹಾಕಿದ್ವು. ಡಾಕ್ಟರ್ ಸ್ವಾಮಿ ಆಗ್ಯಾನ ಅಂತ ನಕ್ಕು ನಕ್ಕು ಸುಸ್ತಾದ್ವು.”

“ಹುಲಿಗೆವ್ವ?”

ಗವಿಸಿದ್ದ ಜೋಳಿಗೆಯನ್ನು ಹೆಗಲ ಮೇಲೆ ಸರಿಪಡಿಸಿಕೊಂಡ.

“ಆಕಿ ಅತ್ತಳ್ರಿ. ನಾನೂ ಅತ್ತೆ. ಆಮ್ಯಾಲೆ ಜೋಳ ಹಾಕಿದ್ಲು. ಒಳಗಿಂದ ಸಣ್ಣ ಕೂಸನ್ನ ಎತ್ತಿಕೊಂಡು ಬಂದು, ಇದಕ್ಕ ಯಾವಾಗ ಸೂಜಿ ಹಾಕ್ತೀರಿ ಅಂತ ಕೇಳಿದ್ಲು.”

“ನೀ ಏನಂದಿ?”

“ಉತ್ತರ ಕೊಡದ ಓಡಿ ಬಂದೀನ್ರಿ.”

ಅಜ್ಜಾರು ಅವನ ಹೆಗಲಿನ ಜೋಳಿಗೆ ತೆಗೆದು ತಮ್ಮ ಹೆಗಲಿಗೆ ಹಾಕಿಕೊಂಡರು. ಕಾವಿಯ ಮಾತು ಅವರೂ ಎತ್ತಲಿಲ್ಲ, ಅವನೂ ಎತ್ತಲಿಲ್ಲ.

ಮೆಟ್ಟಿಲಿಳಿದವನು ತಿರುಗಿ ನಿಂತ. “ಅಜ್ಜಾರ, ಈ ಕೂಸಿಗೂ ಲಸಿಕೆ ಸಾಲದೇ ಹೋದ್ರ?”

“ಆಕಿ ಅಂಗಳದಾಗ ನಾವಿಬ್ಬರೂ ಕುಂತು ಅಳೂಣು. ಈಗ ಹೋಗು, ಆಕಿ ಕೇಳಿದ್ದಕ್ಕ ಉತ್ತರ ಹೇಳು.”