ಸೋಫಾದ ಎರಡು ತುದಿ

ರಾಣೆಬೆನ್ನೂರಿನ ಸುವರ್ಣಾ ಕಿವುಡ ಮಕ್ಕಳ ಶಾಲೆಯಲ್ಲಿ ಟೀಚರ್. ಗುಮಾಸ್ತ ಚನ್ನವೀರನ ಜೊತೆ ಅವಳ ನಿಶ್ಚಿತಾರ್ಥವಾಗಿತ್ತು. ಆದರೆ ಅವನ ತಾಯಿ ಗೌರಮ್ಮನದು ಒಂದೇ ಹಟ: "ಮದುವೆಯಾಗೋ ತನಕ ಏನು ಮಾತಾಡಿದ್ರೂ ನಮ್ಮ ಎದುರಿಗೇ ಆಡಬೇಕು."

ಸುವರ್ಣಾಳ ಅಪ್ಪನೂ ಹೂಂಗುಟ್ಟಿದರು. ಪ್ರತಿ ಭಾನುವಾರ ಅವರು ಮಗಳನ್ನು ಹುಡುಗನ ಮನೆಗೆ ಕರೆದುಕೊಂಡು ಬಂದರೆ, ಬೀಗರಿಬ್ಬರೂ ಸೋಫಾದ ನಡುವೆ ಕೂರುತ್ತಿದ್ದರು. ಹುಡುಗ ಆ ತುದಿ, ಹುಡುಗಿ ಈ ತುದಿ.

ಸುವರ್ಣಾ ಶಾಲೆಯ ಸನ್ನೆಭಾಷೆಯ ಪುಸ್ತಕವೊಂದನ್ನು ಚನ್ನವೀರನಿಗೆ ಕಳಿಸಿದಳು. ಮುಂದಿನ ಭಾನುವಾರ ಇಬ್ಬರೂ ಕೈಯಲ್ಲೇ ಮಾತು ಶುರುಮಾಡಿದರು. ಅವನದು ಅರ್ಧಂಬರ್ಧ ಕಲಿಕೆ. "ನೀನು ಚೆಂದ" ಎನ್ನಲು ಹೋಗಿ "ನೀನು ಎಮ್ಮೆ" ಎಂದುಬಿಟ್ಟ. ಅವಳು ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕಳು.

ಹಿರಿಯರಿಗೆ ತಲೆಬುಡ ತಿಳಿಯಲಿಲ್ಲ. ಸೊಳ್ಳೆ ಇರಬೇಕೆಂದು ಅಪ್ಪ ಫ್ಯಾನ್ ಜೋರು ಮಾಡಿದರು.

ಗೌರಮ್ಮನಿಗೆ ಮಾತ್ರ ಸೊಸೆಯ ಶಾಲೆ ನೆನಪಾಯಿತು. "ಕೈಯಲ್ಲಿ ಏನಂದ ಅವನು? ನಿಜ ಹೇಳಮ್ಮಾ" ಎಂದು ಗದರಿದರು.

"ಅವ್ವನ ಕಾಫಿ ಬಲು ರುಚಿ ಅಂದ್ರು, ಅತ್ತೆ" ಎಂದಳು ಸುವರ್ಣಾ.

ಗೌರಮ್ಮ ಗೊಂದಲದಿಂದ ಮಗನನ್ನು ನೋಡಿದರು. "ಇವನಾ? ಇಷ್ಟು ವರ್ಷದಲ್ಲಿ ಬಾಯಿಬಿಟ್ಟು ಒಂದು ದಿನವೂ ಅಂದಿಲ್ಲವಲ್ಲ!"

ಅವರ ಕಣ್ಣು ತುಂಬಿತು. "ಏಳಿ ಬೀಗರೇ, ಜಗಲಿಗೆ ಹೋಗೋಣ" ಎಂದು ಎದ್ದರು. ಬಾಗಿಲಲ್ಲಿ ನಿಂತು ಮೆಲ್ಲಗೆ ಹೇಳಿದರು: "ಉಪ್ಪಿಟ್ಟು ಹೇಗಿತ್ತು ಅಂತಲೂ ಸ್ವಲ್ಪ ಕೇಳಿ ನೋಡಮ್ಮಾ."