ಪೇಪರಿನಲ್ಲಿ ಸತ್ತ ನೀರುನಾಯಿ

ಮಕ್ಕಳೇ, ಕಾಡಿನ ಹೊಳೆಯೊಂದು ಬಂಡೆಗೆ ಬಡಿದು ಸುತ್ತು ಹೊಡೆಯುವ ಕಡೆ ಬಿದಿರುಮಡು ಎಂಬ ಆಳವಾದ ಮಡು ಇತ್ತು. ಅಲ್ಲಿ ಆಮೆ ದ್ಯಾಮಜ್ಜ, ನೀರುನಾಯಿ ಸಂಕಮ್ಮ, ಕಪ್ಪೆಗಳು, ಬೆಳ್ಳಕ್ಕಿಗಳು ಎಲ್ಲ ನೆರೆಹೊರೆಯವರಾಗಿ ಬಾಳುತ್ತಿದ್ದರು. ದಂಡೆಯ ಮತ್ತಿಮರದಲ್ಲಿ ಕಾಗೆ ಕಾಳಪ್ಪನ ಗೂಡು. ಸುತ್ತಮುತ್ತ ಬೇರೆ ಕಾಗೆಗಳಿರಲಿಲ್ಲ. ಕಾಳಪ್ಪ ಶಾಲೆಯ ಮಾಡಿನಲ್ಲಿ ಹುಟ್ಟಿ ಬೆಳೆದವನು. ಇಡೀ ಮಡುವಿಗೆ ಓದು ಬರೆಹ ಬಲ್ಲವನು ಅವನೊಬ್ಬನೇ, ಆ ಜಂಬವೂ ಅವನಿಗೆ ಸಾಕಷ್ಟಿತ್ತು.

ಮಡು ನೋಡಲು ಬಂದ ಜನ ಚುರುಮುರಿ ತಿಂದು ಪೊಟ್ಟಣದ ಕಾಗದ ಎಸೆದು ಹೋಗುತ್ತಿದ್ದರು. ಕಾಳಪ್ಪ ಅದನ್ನು ಬಿಡಿಸಿ ದಪ್ಪಕ್ಷರದ ಸಾಲನ್ನು ಗಟ್ಟಿಯಾಗಿ ಓದುತ್ತಿದ್ದ. ಅದು ಯಾವ ಕಾಲದ ಪೇಪರು ಎಂದು ಯಾರೂ ಕೇಳುತ್ತಿರಲಿಲ್ಲ. 'ಇಂದು ಸೇತುವೆ ಸಂಚಾರ ಬಂದ್' ಎಂದು ಓದಿದ ದಿನ ಇರುವೆಗಳು ಹೊಳೆಗೆ ಅಡ್ಡಬಿದ್ದ ಮರದಿಂದ ಇಳಿದು, ಹೊಳೆ ಹುಟ್ಟುವ ಜಾಗವನ್ನೇ ಬಳಸಿ ಬರುತ್ತೇವೆಂದು ಹೊರಟವು. ಇನ್ನೂ ಬಂದಿಲ್ಲ. 'ಶೀತಗಾಳಿ, ಹೊರಬರಬೇಡಿ' ಎಂದು ಓದಿದಾಗ ದ್ಯಾಮಜ್ಜ ಸುಡುವ ಬಿಸಿಲಿನಲ್ಲಿ ನಾಲ್ಕು ದಿನ ಚಿಪ್ಪಿನೊಳಗೇ ಬೇಯುತ್ತ ಕೂತಿದ್ದ.

ಒಂದು ನಡುಮಧ್ಯಾಹ್ನ. ಒಂದು ಎಲೆಯೂ ಅಲುಗುತ್ತಿರಲಿಲ್ಲ. ಕಾಳಪ್ಪ ಎಣ್ಣೆ ಮೆತ್ತಿದ ಕಾಗದವೊಂದನ್ನು ಬಿಡಿಸಿ ಓದಿದ: "ಬಿದಿರುಮಡುವಿನ ಕೊನೆಯ ನೀರುನಾಯಿ ಸಾವು."

ಎಲ್ಲರೂ ಸಂಕಮ್ಮನ ಕಡೆ ತಿರುಗಿದರು. ಅವಳು ಬಂಡೆಯ ಮೇಲೆ ಕೂತು ಏಡಿ ಕಡಿಯುತ್ತಿದ್ದಳು.

"ಏನ್ರೋ ಹಾಗೆ ನೋಡ್ತೀರಿ? ನಾನು ಇಲ್ಲೇ ಇದ್ದೀನಲ್ಲ," ಎಂದಳು.

"ಇದ್ದೀಯಮ್ಮ," ಎಂದ ದ್ಯಾಮಜ್ಜ, ಮೆಲ್ಲಗೆ ಹಿಂದೆ ಸರಿಯುತ್ತ. "ಆದರೆ ಪೇಪರಲ್ಲಿ ಸತ್ತಿದ್ದೀಯ. ಆ ಏಡಿ ಕೆಳಗಿಡು. ಬದುಕಿರೋರ ಊಟವನ್ನ ಸತ್ತವರು ಮುಟ್ಟಬಾರದು."

ಸಂಕಮ್ಮ ನಕ್ಕಳು. ಬೇರೆ ಯಾರೂ ನಗಲಿಲ್ಲ. ಅಂದಿನಿಂದ ಅವಳು ನೀರಿನಿಂದ ತಲೆ ಎತ್ತಿದರೆ ವಟಗುಟ್ಟುತ್ತಿದ್ದ ಕಪ್ಪೆಗಳು ಒಟ್ಟಿಗೇ ಸುಮ್ಮನಾಗುತ್ತಿದ್ದವು. ಬೆಳ್ಳಕ್ಕಿಗಳು ಮರಿಗಳ ಕಣ್ಣಿಗೆ ರೆಕ್ಕೆ ಅಡ್ಡ ಹಿಡಿಯುತ್ತಿದ್ದವು. ಅವಳು ಮಾತಾಡಿಸಿದವರು ಅವಳ ಬೆನ್ನ ಹಿಂದೆ ಏನೋ ಕಂಡಂತೆ ಅತ್ತ ನೋಡಿ ಹೊರಟುಹೋಗುತ್ತಿದ್ದರು. ಎರಡನೆಯ ದಿನ ಅವಳು ಬಗ್ಗಿ ನೀರಿನಲ್ಲಿ ತನ್ನ ಮುಖ ಹುಡುಕಿದಳು. ಸುತ್ತುವ ನೀರು ಮುಖವನ್ನು ನಿಲ್ಲಗೊಡಲಿಲ್ಲ. ಆಗ ಸಂಕಮ್ಮನಿಗೆ ನಿಜವಾಗಿ ಹೆದರಿಕೆಯಾಯಿತು.

ಮೂರನೆಯ ಮಧ್ಯಾಹ್ನ ಎಲ್ಲರೂ ಸೇರಿ ಬಂಡೆಯ ಮೇಲೆ ಮುತ್ತುಗದೆಲೆ ಹಾಸಿ, ಅವಳಿಗೆ ಇಷ್ಟವಾದ ಮೀನು, ಏಡಿ ಎಡೆ ಇಟ್ಟರು. ಸತ್ತವರ ಎಡೆಯನ್ನು ಕಾಗೆ ಮುಟ್ಟಬೇಕು ತಾನೆ? ಕಾಳಪ್ಪ ಇಳಿದು ಬಂದು ಮುಟ್ಟಿದ್ದಷ್ಟೇ ಅಲ್ಲ, ಎಲೆಯನ್ನೇ ಖಾಲಿ ಮಾಡಿದ.

"ಅದು ನನಗೆ ಇಟ್ಟದ್ದಲ್ವಾ?" ಎಂದಳು ಸಂಕಮ್ಮ.

"ನಿನಗೇ ತಾಯಿ," ಎಂದ ಕಾಳಪ್ಪ, ಕೊಕ್ಕು ಒರೆಸಿಕೊಳ್ಳುತ್ತ. "ನಾನು ತಿಂದರೆ ನಿನಗೆ ಮುಟ್ಟುತ್ತೆ."

ಆ ಸಂಜೆ ಕಾಗದವನ್ನು ಗೂಡಿಗೆ ಹಾಸುವಾಗ ಅದರ ಮೂಲೆಯಲ್ಲಿದ್ದ ತಾರೀಖು ಅವನ ಕಣ್ಣಿಗೆ ಬಿತ್ತು. ಏಳು ವರ್ಷ ಹಳೆಯದು. ಸಂಕಮ್ಮ ಈ ಮಡುವಿಗೆ ಬಂದು ಐದೇ ವರ್ಷವಾಗಿತ್ತು. ಸತ್ತದ್ದು ಬೇರೆ ಯಾವುದೋ ನೀರುನಾಯಿ. ಬೆಳಗಾದ ಕೂಡಲೇ ಹೇಳಿಬಿಡೋಣ ಎಂದುಕೊಂಡ. ಬೆಳಗಾದಾಗ ಬೆಳ್ಳಕ್ಕಿಗಳು ಆ ದಿನದ ಎಡೆಗೆ ಕೊಬ್ಬಿದ ಮೀನು ಹಿಡಿಯುತ್ತಿದ್ದವು. ಇವತ್ತೊಂದು ದಿನ ಹೋಗಲಿ ಎಂದುಕೊಂಡ. ಹಾಗೆಯೇ ಎಂಟು ದಿನ ಹೋಯಿತು.

ಸಂಕಮ್ಮ ಬೇಟೆಯಾಡುವುದನ್ನು ಬಿಟ್ಟಿದ್ದಳು. ಅವಳ ಪಕ್ಕೆಲುಬು ಎಣಿಸಬಹುದಿತ್ತು.

"ಸತ್ತವರಿಗೂ ಹಸಿವಾಗುತ್ತಾ, ಕಾಳಪ್ಪಣ್ಣ?"

"ಮೊದಮೊದಲು ಆಗುತ್ತೆ. ಆಮೇಲೆ ರೂಢಿಯಾಗುತ್ತೆ."

ಮಾರನೆಯ ದಿನ ಹೊಟ್ಟೆ ಬಿರಿಯ ತಿಂದ ಕಾಳಪ್ಪ ಬಂಡೆಯ ಪಾಚಿಯ ಮೇಲೆ ಕಾಲಿಟ್ಟ. ಜಾರಿ ಸುಳಿಗೆ ಬಿದ್ದ. ರೆಕ್ಕೆ ನೆನೆದು ಭಾರವಾಯಿತು. ಪಕ್ಕದಲ್ಲೇ ಎಲೆಯ ವಾಸನೆ ನೋಡುತ್ತ ಕೂತಿದ್ದ ಸಂಕಮ್ಮನನ್ನು ಕೂಗಿದ.

"ನಾನು ಹೇಗೆ ಎತ್ತಲಿ?" ಎಂದಳು ಅವಳು, ಕೂತಲ್ಲಿಂದ ಅಲುಗದೆ. "ಸತ್ತವರ ಕೈ ಬದುಕಿರೋರಿಗೆ ತಾಗೋದಿಲ್ಲವಲ್ಲ."

"ನೀನು ಸತ್ತಿಲ್ಲ ಕಣೇ! ಅದು ಏಳು ವರ್ಷದ ಹಳೇ ಪೇಪರು. ನನಗೆ ಗೊತ್ತಿತ್ತು."

ಸಂಕಮ್ಮ ನೀರಿಗೆ ಧುಮುಕಿ ಬಾಲ ಕಚ್ಚಿ ಎಳೆದು ತಂದು ದಂಡೆಗೆ ಹಾಕಿದಳು. ಹಾಗೇ ಹಿಂತಿರುಗಿ ಮುಳುಗು ಹಾಕಿ ಒಂದು ಮೀನು ಹಿಡಿದು, ಎಲ್ಲರ ಎದುರಿಗೇ ತಿಂದಳು. ತಿಂದಾದ ಮೇಲೆ ಹೊಳೆಯ ಕೆಳಗಿನ ದಿಕ್ಕಿಗೆ ಈಜಿ ಹೋದಳು. ಅವಳು ಹೋದದ್ದು ಒಳ್ಳೆಯದೇ ಆಯಿತು ಎಂದು ನನಗನಿಸುತ್ತದೆ.

"ಕೇಳಿದ್ರಲ್ಲ, ಅವಳು ಬದುಕಿದ್ದಾಳೆ," ಎಂದ ಕಾಳಪ್ಪ ನಡುಗುತ್ತ. "ನಾನು ಮೊದಲು ಹೇಳಿದ್ದು ಸುಳ್ಳು."

ಎಲ್ಲರೂ ಅವನಿಂದ ನಾಲ್ಕು ಹೆಜ್ಜೆ ದೂರ ಸರಿದರು.

"ಪಾಪ," ಎಂದ ದ್ಯಾಮಜ್ಜ ಬೆಳ್ಳಕ್ಕಿಗಳಿಗೆ. "ಪ್ರೇತ ಹಿಡಿದು ಎಳೆದದ್ದನ್ನ ಕಣ್ಣಾರೆ ನೋಡಿದೆವು. ಅವನಿನ್ನು ಉಳಿದ ಹಾಗಲ್ಲ. ಆ ಮಾತೂ ಅವನದಲ್ಲ, ಪ್ರೇತದ್ದು."

ಮಾರನೆಯ ಮಧ್ಯಾಹ್ನ ಬಂಡೆಯ ಮೇಲೆ ಎರಡು ಎಲೆ ಹಾಸಿದ್ದರು. ಒಂದು ಸಂಕಮ್ಮನದು, ಒಂದು ಕಾಳಪ್ಪನದು. ಕಾಳಪ್ಪ ಎರಡು ಎಲೆಗಳ ನಡುವೆ ನಿಂತು ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆದ. ಕಪ್ಪೆಗಳು ಒಟ್ಟಿಗೇ ಸುಮ್ಮನಾದವು. ಉಳಿದವರು ಯಾವುದಾದರೂ ಕಾಗೆ ಬಂದು ಎಡೆ ಮುಟ್ಟಲಿ ಎಂದು ಆಕಾಶ ನೋಡುತ್ತ ಕಾದರು.

ನೀತಿ: ಸುಳ್ಳೆಂದು ಗೊತ್ತಿದ್ದೂ ಲಾಭಕ್ಕಾಗಿ ಬಾಯಿ ಮುಚ್ಚಿಕೊಂಡವನು ನಿಜ ಹೇಳುವ ದಿನ ಅವನನ್ನು ನಂಬುವವರು ಉಳಿದಿರುವುದಿಲ್ಲ.